ತಿರುವಿನಲ್ಲಿ ನಿಂತ ನಾದಿನಿ

ನಾದಿನಿಯ ಬಾಯಿಗೆ ಬಿದ್ದು ಉದ್ಧಾರವಾದವರನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅವಳು ಬಸ್ ಕಂಡಕ್ಟರ್. ದಿನವಿಡೀ ಜನರನ್ನು ಹತ್ತಿಸಿ ಇಳಿಸಿ, ಬಾಗಿಲಿಗೆ ಜೋತುಬಿದ್ದವರನ್ನು ಗದರಿಸಿ ಒಳಗೆ ತಳ್ಳಿ, ಸಂಜೆ ಮನೆಗೆ ಬಂದ ಮೇಲೂ ಅವಳ ಗಂಟಲು ಬಸ್ಸಿನಲ್ಲೇ ಇರುತ್ತಿತ್ತು. ಅತ್ತಿಗೆಯದು ಕನ್ನಡಕದ ಅಂಗಡಿ. ಗಾಜು ಉಜ್ಜುವ ಕೆಲಸ ಮಾತು ಬೇಡುವುದಿಲ್ಲ, ಹಾಗಾಗಿ ಆಕೆಯ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ನಡುವೆ ಸಿಕ್ಕಿಕೊಂಡ ಗಂಡ ಎನ್ನುವ ಪ್ರಾಣಿ, ಅಂದರೆ ಕಂಡಕ್ಟರಮ್ಮನ ಅಣ್ಣ, ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿ ಕಾಲ ಹಾಕುತ್ತಿದ್ದ.

ಇಬ್ಬರಿಗೂ ಇದ್ದ ಹುಚ್ಚು ಮಾತ್ರ ಒಂದೇ, ಸೈಕಲ್. ರಜೆಯ ದಿನ ಬಂತೆಂದರೆ ಊರಿನ ಸೈಕಲ್ ತಂಡದ ಜೊತೆ ಬೆಟ್ಟ, ಕಾಡು, ಹೊಲದ ಬದುಗಳ ದಾರಿ ಹಿಡಿದು ಹೊರಡುವುದು. ನಾದಿನಿ ಯಾವಾಗಲೂ ಎಲ್ಲರಿಗಿಂತ ಮುಂದೆ. ಅತ್ತಿಗೆ ನಡುವಿನಲ್ಲಿ, ಗಿಡ ಮರ ನೋಡಿಕೊಂಡು ನಿಧಾನವಾಗಿ.

ಹೋದ ವರ್ಷ ಅತ್ತಿಗೆ ದೊಡ್ಡ ಕಾಯಿಲೆ ಬಿದ್ದಳು. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬಂತು. ಬದುಕಿದ್ದೇ ಹೆಚ್ಚು ಎಂದು ಕಂಡವರೆಲ್ಲ ಹೇಳಿದರು. ಅದು ನಿಜವೂ ಹೌದು, ಆದರೆ ಕೇಳಿ ಕೇಳಿ ಆಕೆಗೆ ಸಾಕಾಗಿತ್ತು. ಎಲ್ಲರೂ ಆಕೆಯನ್ನು ಗಾಜಿನ ಲೋಟದಂತೆ ಎತ್ತಿ ಇಡುತ್ತಿದ್ದರು. ಬೆಟ್ಟ ಹತ್ತಿ ಆಚೆ ಕೆಳಗಿನ ಊರಿಗೆ ಇಳಿಯುವ ಇವತ್ತಿನ ದಾರಿಯನ್ನು ತನ್ನ ಕಾಲ ಮೇಲೆ ಮುಗಿಸಬೇಕು, ಆಗದಿದ್ದರೆ ಸೈಕಲ್ಲನ್ನು ಯಾರಿಗಾದರೂ ಕೊಟ್ಟು ಅಂಗಡಿಯ ಕುರ್ಚಿಯಲ್ಲಿ ಕೂತುಬಿಡಬೇಕು. ಹೀಗೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಬಾಯಿ ಬಿಟ್ಟು ಹೇಳಿದ್ದು ಗಂಡನಿಗೆ ಮಾತ್ರ. ಆ ಮನೆಯಲ್ಲಿ ಗಂಡನಿಗೆ ಹೇಳಿದ್ದು ತಂಗಿಗೆ ತಲುಪದೆ ಎಲ್ಲಿಗೆ ಹೋದೀತು?

ತಂಡಕ್ಕೆ ಒಂದು ಪದ್ಧತಿಯಿತ್ತು. ದಾರಿ ಗೊತ್ತಿರುವುದು ಮುಂದಾಳು ಮೇಷ್ಟ್ರಿಗೆ ಮಾತ್ರ. ದಾರಿ ಕವಲೊಡೆಯುವ ಕಡೆಯೆಲ್ಲ ಅವರು ತಮ್ಮ ಬೆನ್ನಿಗಿರುವ ಸವಾರರೊಬ್ಬರನ್ನು ನಿಲ್ಲಿಸಿ ಮುಂದೆ ಹೋಗುತ್ತಾರೆ. ನಿಂತವರು ಹಿಂದೆ ಬರುವವರಿಗೆಲ್ಲ ಕೈ ತೋರಿಸಿ ಸರಿದಾರಿಗೆ ಕಳಿಸಬೇಕು. ಕಟ್ಟಕಡೆಗೆ, ಹಳದಿ ಬಾವುಟ ಸಿಕ್ಕಿಸಿಕೊಂಡು ಬರುವವನು ಊರಿನ ಕ್ಷೌರದಂಗಡಿಯವನು. ಸದಾ ಬಾಲದಲ್ಲೇ ಇರುವುದರಿಂದ ಅವನಿಗೆ ಬಾಲಣ್ಣ ಎಂದು ಹೆಸರು. ಬಾಲಣ್ಣ ಬಂದನೆಂದರೆ ಹಿಂದೆ ಯಾರೂ ಉಳಿದಿಲ್ಲವೆಂದು ಅರ್ಥ. ಅವನು ಬರುವ ತನಕ ನಿಂತವರು ಅಲ್ಲಾಡುವಂತಿಲ್ಲ, ಬಂದ ಮೇಲೆ ಅಲ್ಲಿ ನಿಲ್ಲುವಂತಿಲ್ಲ. ಬೆಟ್ಟದ ಮೇಲೆ ಫೋನು ಹಿಡಿಯುವುದಿಲ್ಲವಾದ್ದರಿಂದ ಎಲ್ಲರ ಜೀವವೂ ಈ ಪದ್ಧತಿಯ ಮೇಲೇ ನಿಂತಿತ್ತು.

ಬೆಳಗ್ಗೆ ಹೊರಟಾಗ ಅತ್ತಿಗೆಯ ಕಾಲು ಹೇಳಿದ ಮಾತು ಕೇಳುತ್ತಿತ್ತು. ಜೋಳದ ಹೊಲಗಳು ಹಿಂದಾದವು. ಕಾಡು ಶುರುವಾದಲ್ಲಿ, ಕಡಿದು ಪೇರಿಸಿಟ್ಟ ದಿಮ್ಮಿಗಳ ಹಸಿ ವಾಸನೆಗೆ ಆಕೆಯ ಮೂಗು ಅರಳಿತು. ಏರು ಬಂದ ಮೇಲೆ ಒಬ್ಬೊಬ್ಬರೇ ದಾಟಿ ಹೋದರು. ಎಲ್ಲರೂ "ನಿಧಾನ, ನಿಧಾನ" ಎಂದು ನಗುತ್ತಲೇ ಹೋದರು. ತರಗೆಲೆ ಹಾಸಿದ ದಾರಿಯಲ್ಲಿ ಕೊನೆಗೆ ಆಕೆ ಒಬ್ಬಳೇ ಉಳಿದಳು. ಬಾಲಣ್ಣನ ಟೈರು ಎಲ್ಲೋ ಹಿಂದೆ ಗಾಳಿ ಬಿಟ್ಟಿತ್ತು, ಅವನು ಪಂಕ್ಚರ್ ಹಾಕಿಕೊಳ್ಳುತ್ತಿದ್ದ.

ಏರಿನ ನಡುವೆ ನೀರು ಮುಗಿಯಿತು. ದಾರಿಯ ಪಕ್ಕದ ಎತ್ತರದ ಬೇಲಿಯಾಚೆ ಒಂದು ತೋಟದ ಮನೆ ಕಂಡು, ಅತ್ತಿಗೆ ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಹೋದಳು. ಹಾಲಿನ ಕ್ಯಾನ್ ತೊಳೆಯುತ್ತಿದ್ದ ಮನೆಯೊಡತಿ ಕೊಳಾಯಿ ಬಿಟ್ಟುಕೊಟ್ಟಳು. ಬಗ್ಗಿ ಮುಖಕ್ಕೆ ನೀರು ಹಾಕಿಕೊಂಡು ಕಣ್ಣು ತೆರೆಯುವಷ್ಟರಲ್ಲಿ, ಬೇಲಿಯ ತುದಿಯಲ್ಲಿ ಹಳದಿ ಬಾವುಟವೊಂದು ಸರಸರನೆ ಹಾದುಹೋಯಿತು.

"ಬಾಲಣ್ಣಾ!" ಎಂದು ಕೂಗಿದಳು. ಕಾಯಿಲೆಯ ಜೊತೆ ಹೋದ ದನಿ ಇನ್ನೂ ಪೂರ್ತಿ ಮರಳಿರಲಿಲ್ಲ. ಅಂಗಳದ ಕೋಳಿಗಳು ಮಾತ್ರ ತಿರುಗಿ ನೋಡಿದವು.

ಬಾಲ ಮುಂದೆ ಹೋಯಿತು ಎಂದರೆ ಇನ್ನು ಯಾವ ತಿರುವಿನಲ್ಲೂ ಯಾರೂ ನಿಂತಿರುವುದಿಲ್ಲ. ಮೇಲೆ ಕವಲು ಬಂದರೆ ಎಡವೋ ಬಲವೋ, ಆಕೆಗೆ ಗೊತ್ತಿಲ್ಲ.

ಮನೆಯೊಡತಿ ಆಕೆಯ ಮುಖ ನೋಡಿದಳು. "ಯಾಕಮ್ಮಾ ಒದ್ದಾಡ್ತೀರಿ? ನಮ್ಮ ಯಜಮಾನರು ಟ್ರ್ಯಾಕ್ಟರ್ ತಗೊಂಡು ಕೆಳಗಿನ ಊರಿಗೆ ಹೊರಟಿದಾರೆ. ಸೈಕಲ್ ಹಿಂದೆ ಹಾಕಿ, ಕೂತ್ಕೊಳ್ಳಿ. ಒಳದಾರಿ ಹಿಡಿದು ಅಲ್ಲಿಗೇ ಮುಟ್ಟಿಸ್ಬಿಡ್ತಾರೆ."

ಬೇಡವೆನ್ನಲು ಬಾಯಿ ಬರಲಿಲ್ಲ. ಯಜಮಾನ ಸೈಕಲ್ಲನ್ನು ಹುಲ್ಲಿನ ಹೊರೆಗಳ ಮೇಲೆ ಎತ್ತಿಟ್ಟ. ಆಕೆ ಒಂದು ಕಾಲು ಮೇಲಿಟ್ಟೂ ಆಯಿತು. ಕಾಲೇನೋ ಸುಖವಾಗಿತ್ತು. ಆದರೆ ಇವತ್ತು ಇದನ್ನು ಹತ್ತಿದರೆ ನಾಳೆಯಿಂದ ಎಲ್ಲರೂ ಹತ್ತಿಸುತ್ತಲೇ ಇರುತ್ತಾರೆ, ತಾನೂ ಹತ್ತುತ್ತಲೇ ಇರುತ್ತೇನೆ, ಎನ್ನಿಸಿತು.

"ತಪ್ಪು ತಿಳೀಬೇಡಿ, ಸೈಕಲ್ ಇಳಿಸಿಕೊಡಿ," ಎಂದಳು. ಯಜಮಾನ ಹೆಂಡತಿಯ ಮುಖ ನೋಡಿದ. ಪೇಟೆಯವರ ತಲೆ ಹೀಗೇ ಎಂಬಂತೆ ಅವಳು ಕೈ ಆಡಿಸಿದಳು, ಜೊತೆಗೆ ಎರಡು ಬಾಳೆಹಣ್ಣನ್ನೂ ಕೊಟ್ಟಳು.

ಉಳಿದ ಏರನ್ನು ಆಕೆ ಅರ್ಧ ತುಳಿದು ಅರ್ಧ ತಳ್ಳಿ ಹತ್ತಿದಳು. ತೊಡೆ ನಡುಗುತ್ತಿತ್ತು. ಎಡವೋ ಬಲವೋ, ದೇವರು ಇಟ್ಟ ಹಾಗಾಗಲಿ ಎಂದು ಕೊನೆಯ ತಿರುವು ತಿರುಗಿದಳು.

ಕವಲಿನಲ್ಲಿ, ನೆತ್ತಿಯ ಬಿಸಿಲಿನಲ್ಲಿ, ಸೈಕಲ್ಲಿಗೆ ಒರಗಿ ಸೊಂಟದ ಮೇಲೆ ಕೈಯಿಟ್ಟು ಕಂಡಕ್ಟರಮ್ಮ ನಿಂತಿದ್ದಳು. ಮುಖ ಕೆಂಡದಂತಾಗಿತ್ತು.

"ಬಂದ್ರಾ ಮಹಾರಾಣಿಯವರು! ದಾರಿಯಲ್ಲಿ ಹೂವು ಕೀಳ್ತಾ ಇದ್ರಾ? ಎಲ್ಲಿ ಹಾಳಾಗಿ ಹೋಗಿದ್ರಿ ಅತ್ತಿಗೆ? ಬಿಸಿಲಲ್ಲಿ ನಿಂತೂ ನಿಂತೂ ನಾನು ಸುಟ್ಟ ಬದನೆಕಾಯಿ ಆಗಿದೀನಿ!"

ಅತ್ತಿಗೆ ಬ್ರೇಕು ಹಿಡಿದು ಅಲ್ಲೇ ನಿಂತಳು. "ನೀನು ಇನ್ನೂ ಇಲ್ಲೇ ಯಾಕಿದೀಯೇ? ಬಾಲಣ್ಣ ದಾಟಿ ಹೋದ್ನಲ್ಲ!"

"ಹೋದ. ನಿಮ್ಮ ನೀಲಿ ಸೈಕಲ್ ಹಾಲಿನ ವ್ಯಾನಿನ ಮೇಲೆ ವಾಪಸ್ ಹೋಗೋದು ನೋಡಿದ್ನಂತೆ, ಪಾಪ ಕೈಲಾಗದೆ ಮನೆಗೆ ಹೋದ್ರು, ನಡಿ ಹೋಗೋಣ ಅಂದ. ಲೋಕದಲ್ಲಿ ನೀಲಿ ಸೈಕಲ್ ಇರೋದು ನಿಮ್ಮತ್ರ ಮಾತ್ರ ನೋಡಿ! ನಾನಂದೆ, ಅದ್ಯಾವನದೋ ಸೈಕಲ್ ಕಣಯ್ಯಾ, ನಮ್ಮತ್ತಿಗೆ ಸತ್ರೂ ವ್ಯಾನ್ ಹತ್ತೋಲ್ಲ ಅಂತ. ಪದ್ಧತಿ ಪ್ರಕಾರ ನೀನೀಗ ಹೊರಡಬೇಕು ಅಂತ ನನಗೇ ಪಾಠ ಹೇಳ್ದ. ನಿನ್ನ ಪದ್ಧತಿ ನಿನ್ನ ಕತ್ತರಿ ಡಬ್ಬೀಲಿ ಇಟ್ಕೋ ಅಂದೆ. ಫೋನ್ ಸಿಗೋ ಕಡೆ ಹೋಗಿ ಮನೇಲಿರೋ ಅಣ್ಣನ್ನೇ ಕೇಳ್ತೀನಿ ಅಂತ ಹೋದ."

ಅತ್ತಿಗೆಗೆ ಆಸ್ಪತ್ರೆಯ ದಿನಗಳು ನೆನಪಾದವು. ಬಂದವರೆಲ್ಲ ಹಾಸಿಗೆಯ ಪಕ್ಕ ಪಿಸುಗುಟ್ಟಿ, ಬೆಣ್ಣೆಯಂಥ ಮಾತಾಡಿ ಹೋಗುತ್ತಿದ್ದರು. ಇವಳೊಬ್ಬಳು ಯೂನಿಫಾರಂನಲ್ಲೇ ಬಂದು, ಊಟ ಬಿಟ್ಟದ್ದಕ್ಕೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಕ್ಕೆ ವಾರ್ಡಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು. ಆಗ ಅತ್ತಿಗೆಗೆ ಎಂಥ ಸಿಟ್ಟು ಬರುತ್ತಿತ್ತು! ಸಾಯುವವರನ್ನು ಯಾರೂ ಬೈಯುವುದಿಲ್ಲ. ಬದುಕುತ್ತಾಳೆಂದು ನಂಬಿದ್ದಕ್ಕೇ ಬೈದಳು. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ತನಗೆ ಇದು ತಿಳಿಯಲಿಲ್ಲವಲ್ಲ ಎಂದು ಆಕೆಯ ಕಣ್ಣು ತುಂಬಿ ಬಂತು. ಇಂಥವಳೊಬ್ಬಳನ್ನು ಮನೆಗೆ ಕೊಟ್ಟ ಪುಣ್ಯಕ್ಕೆ ಯಾರಿಗೆ ಕೈಮುಗಿಯಬೇಕೋ ಗೊತ್ತಾಗದೆ, ಎದುರಿಗಿದ್ದ ಅವಳ ಬೆವರುಗೈಯನ್ನೇ ಹಿಡಿದುಕೊಂಡಳು.

ಸುಳ್ಳು ಮಾತ್ರ ಆಕೆಗೆ ಆಗಿಬರದು. "ನಾನು ಟ್ರ್ಯಾಕ್ಟರಿಗೆ ಸೈಕಲ್ ಏರಿಸಿದ್ದೆ ಕಣೇ," ಎಂದಳು. "ಒಂದು ಕಾಲೂ ಇಟ್ಟಿದ್ದೆ. ಆ ಒಳದಾರಿ ಈ ಕಡೆ ಬರೋದೇ ಇಲ್ಲ. ಹೊರಟುಬಿಟ್ಟಿದ್ರೆ ನೀನು ಇಲ್ಲೇ ನಿಂತಿರ್ತಿದ್ದೆ. ನಿನ್ನ ನೆನಪಾಗಿ ಇಳಿದೆ ಅಂತಲೂ ಅಲ್ಲ. ನನ್ನ ಹಟಕ್ಕೆ ಇಳಿದೆ."

ನಾದಿನಿ ಸುಮ್ಮನಾದಳು. ಅವಳು ಸುಮ್ಮನಿದ್ದುದನ್ನು ಅತ್ತಿಗೆ ನೋಡಿದ್ದು ಅದೇ ಮೊದಲು. ಒಂದು ಬಾಳೆಹಣ್ಣನ್ನು ಕಿತ್ತುಕೊಂಡು ಸುಲಿದಳು, ಅರ್ಧ ತಿಂದಳು, ಆಮೇಲೆ ಬಾಯಿ ಬಿಟ್ಟಳು.

"ಆ ಹಟ ಇದೆ ಅಂತ ತಾನೇ ನಾನು ನಿಂತಿದ್ದು."

"ಆದ್ರೂ, ನಾನು ಬರದೇ ಹೋಗಿದ್ರೆ?"

"ಹುಡುಕ್ಕೊಂಡು ಬರ್ತಿದ್ದೆ. ಇನ್ನೇನು, ಬಿಟ್ಟು ಹೋಗ್ತಿದ್ನಾ?" ನಾದಿನಿಯ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಅವಳು ಇನ್ನಷ್ಟು ಜೋರು ಮಾಡಿದಳು. "ಹೋದ ವರ್ಷ ಒಂದ್ಸಲ ಹೆದರಿಸಿದ್ದು ಸಾಲ್ದಾ ಅತ್ತಿಗೆ? ನೀವಿಲ್ದೆ ನಾನು ಆ ಮನೇಲಿ ಯಾರನ್ನ ಬೈಕೊಂಡು ಬದುಕಲಿ?"

ಅತ್ತಿಗೆ ಅಳುತ್ತಲೇ ನಕ್ಕಳು. ಹೊರಡುವಾಗ ನಾದಿನಿ ಬಲಗಡೆಯ ದಾರಿಗೆ ಕೈ ತೋರಿಸಿ, ಅತ್ತಿಗೆಯನ್ನು ಮುಂದೆ ಬಿಟ್ಟಳು. ಕೆಳಗಿನ ಊರಿನ ತನಕವೂ, ಕೊನೆಯ ಇಳಿಜಾರಿನಲ್ಲೂ, ಬೈಯುತ್ತಾ ಹಿಂದೆಯೇ ಬಂದಳು.