ನಡುವಿನ ಕುರ್ಚಿ

"ಹೈಸ್ಕೂಲ್ ಅರ್ಧಕ್ಕೆ ಬಿಟ್ಟೋನ ಕೈಗೆ ಕ್ಲಾಸ್ ಕೊಟ್ಟಿದ್ದು ನನ್ನ ತಪ್ಪು ಕಣೋ," ಎಂದು ತ್ರಿಪುರಸುಂದರಿ ಆಂಟಿ ನನಗೆ ಕನ್ನಡದಲ್ಲಿ ಅಂದರು. ಆಮೇಲೆ ಎದುರಿಗೆ ಕೂತಿದ್ದ ಜಪಾನಿ ತಾಯಂದಿರ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ, ನಗುನಗುತ್ತ ಹೇಳಿದರು. ಯಾರೋ ಒಬ್ಬರು ನನ್ನ ಡಿಗ್ರಿ ಯಾವುದೆಂದು ಕೇಳಿದ್ದರಂತೆ.

ಸೀಕಾಕಸ್ ಊರಿನಲ್ಲಿ ಆಂಟಿಯ ಟ್ಯೂಷನ್ ಸೆಂಟರ್. ಜಪಾನಿ ಮಕ್ಕಳ ಶನಿವಾರದ ಇಂಗ್ಲಿಷ್ ಕ್ಲಾಸನ್ನು ನಾಲ್ಕು ತಿಂಗಳಿಂದ ನಡೆಸುತ್ತಿದ್ದವನು ನಾನು. ನಾನು ಅರ್ಧಕ್ಕೆ ಬಿಡದ ಕೆಲಸ ಅದೊಂದೇ. ಈಗ ಅದೂ ಹೋಯಿತು. ಹಿಂದೆ ಹೋಗಿ ಕೂತೆ.

ಹೊಸ ಟೀಚರ್ ಮಿಹಿರ್, ಪಿಸ್ಕಾಟವೇಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದವನು. ಬೋರ್ಡಿನ ಮೇಲೆ ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಎಂದು ಬರೆದು ಚೆನ್ನಾಗಿಯೇ ವಿವರಿಸಿದ. ಪ್ರಶ್ನೆ ಕೇಳಿದಾಗ ಮಕ್ಕಳು ತಲೆ ತಗ್ಗಿಸಿದರು. ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದು ವಾಸಿ ಎನ್ನುವ ಆ ಮುಖ ನನಗೆ ಗೊತ್ತು. ಹದಿನಾಲ್ಕಕ್ಕೆ ಈ ದೇಶಕ್ಕೆ ಬಂದಾಗ ನನ್ನದೂ ಅದೇ ಮುಖ. ಅದನ್ನು ನೋಡಿಯೇ ಶಾಲೆಯಲ್ಲಿ ದಡ್ಡ ಅಂದರು.

ಅದಕ್ಕೇ ನಾನು ಬೋರ್ಡ್ ಮುಟ್ಟುತ್ತಿರಲಿಲ್ಲ. ಮೂರು ಕುರ್ಚಿ, ಮಕ್ಕಳೇ ಪದಗಳು. ಮೊದಲು ಜಪಾನಿ ವಾಕ್ಯದಂತೆ ಕೂರಬೇಕು. ಅದರಲ್ಲೂ ಕನ್ನಡದ ಹಾಗೆ, ಏನು ಮಾಡಿದರು ಎನ್ನುವ ಪದ ಕಡೆಗೆ. ಇಂಗ್ಲಿಷಿಗೆ ಬರುವಾಗ ಕಡೆಯವರು ಓಡಿಬಂದು ನಡುವಿನ ಕುರ್ಚಿ ಹಿಡಿಯಬೇಕು. ಯಾರಾದರೂ ಮುಗ್ಗರಿಸಿದರೆ ಎಲ್ಲರೂ ನಗುತ್ತಿದ್ದೆವು.

ಈಗ, ಮಿಹಿರ್ ಬೋರ್ಡಿನ ಮುಂದೆ ನಿಂತಿರುವಾಗಲೇ, ಏಳು ವರ್ಷದ ಸೊಸುಕೆ ಎದ್ದ. ಅಷ್ಟು ದಿನವೂ ಅವನ ಬಾಯಿಂದ ಒಂದು ಇಂಗ್ಲಿಷ್ ಮಾತು ಹೊರಟಿರಲಿಲ್ಲ. ಯಾರನ್ನೂ ಕೇಳದೆ ಮೂರು ಕುರ್ಚಿ ಎಳೆದು, ಮೊದಲನೆಯದರಲ್ಲಿ ಕೂತ. ಇನ್ನಿಬ್ಬರ ಕಿವಿಯಲ್ಲಿ ಏನೋ ಹೇಳಿ ಕೂರಿಸಿಕೊಂಡ. ಕಡೆಯ ಹುಡುಗಿ ನಡುವಿಗೆ ಓಡಿದಳು. ಮೂವರೂ ಒಬ್ಬೊಬ್ಬರಾಗಿ ಹೇಳಿದರು.

"ಐ."

"ಬ್ರೋಕ್."

"ಮಾಮ್ಸ್ ಕಪ್."

ಅವನ ತಾಯಿ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಪ್ ಒಡೆದವರು ಯಾರೆಂದು ಮನೆಯಲ್ಲಿ ಎರಡು ವಾರದಿಂದ ವಿಚಾರಣೆ ನಡೆದಿತ್ತಂತೆ. ನಗು ತಡೆದುಕೊಂಡು ನನ್ನ ಹತ್ತಿರ ಬಂದರು, ಬಾಗಿ ವಂದಿಸಿದರು. ಮುಂದಿನ ಶನಿವಾರವೂ ನೀವೇ ತಾನೇ, ಎಂದು ಕೇಳಿದರು.

ಆಂಟಿ ನನ್ನನ್ನು ಹೊರಗಿನ ಕಾರಿಡಾರಿಗೆ ಕರೆದರು. ದನಿ ಮೆತ್ತಗಾಗಿತ್ತು.

"ಬೇಜಾರ್ ಮಾಡ್ಕೋಬೇಡ. ಕ್ಲಾಸ್ ನೀನೇ ತಗೋ. ಆ ಕುರ್ಚಿದು ಮಾತ್ರ ಒಂದು ಪೇಜ್ ಬರೆದ್ಕೊಡು, ಮಿಹಿರ್ ಮೆಥಡ್ ಅಂತ ವೆಬ್‌ಸೈಟಲ್ಲಿ ಹಾಕೋಣ. ಪೇರೆಂಟ್ಸ್‌ಗೆ ಡಿಗ್ರಿ ಕಾಣ್ಬೇಕು ಕಣೋ. ಆಯ್ತಾ?"

ಹೂಂ ಅಂದರೆ ಮಕ್ಕಳು ನನ್ನ ಹತ್ತಿರವೇ ಇರುತ್ತಿದ್ದರು. ಆದರೆ ಆ ಕುರ್ಚಿಯ ಆಟ ಮಿಹಿರನ ಹೆಸರಿಗೆ ಹೋಗುತ್ತಿತ್ತು. ಜಾಕೆಟ್ ಏರಿಸಿಕೊಂಡು, ಆಂಟಿಯನ್ನು ದಾಟಿ ಮೆಟ್ಟಿಲಿಳಿದು, ರೈಲು ಸ್ಟೇಷನ್ ಕಡೆ ನಡೆದೆ.