ಸೌತೆ ಹೊಲದ ಭತ್ತ

2009ರಲ್ಲಿ ಮಳೆ ಕೈಕೊಟ್ಟಿತು. ಭತ್ತಕ್ಕೆ ಪಂಪು ಹಚ್ಚಿ ನೀರೆತ್ತಿದವರಿಗೆ ಸರ್ಕಾರ ಡೀಸೆಲ್ ಸಬ್ಸಿಡಿ ಕೊಡುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಫರೀದಾಬಾದಿನಾಚೆ ಯಮುನೆಯ ದಂಡೆಯಲ್ಲಿ ಭತ್ತದ ಮುಖ ಕಾಣದವರೂ ಭತ್ತದ ರೈತರಾಗಿಬಿಟ್ಟರು. ಚೌಧರಿ ರಾಜ್‌ಬೀರ್ ಅಂಥವರಲ್ಲಿ ಮೊದಲಿಗ.

ಅವನ ಹೊಲವನ್ನು ಗೇಣಿಗೆ ಮಾಡುತ್ತಿದ್ದವನು ಕರಾವಳಿಯ ಮೋನಪ್ಪ. ಬೆಳೆದದ್ದು ಮಂಗಳೂರು ಸೌತೆ. ದಿಲ್ಲಿಯ ಎಷ್ಟೋ ಉಡುಪಿ ಹೋಟೆಲುಗಳ ಸಾಂಬಾರು ಅವನ ಸೌತೆಯಿಂದಲೇ ಕುದಿಯುತ್ತಿತ್ತು. ಗೊಬ್ಬರ ಹೊತ್ತು ಹಾಕಿ, ಬರೀ ಮರಳಾಗಿದ್ದ ನೆಲವನ್ನು ಅವನೂ ಹೆಂಡತಿ ಸ್ನೇಹಲತಾಳೂ ಒಂದು ಹದಕ್ಕೆ ತಂದಿದ್ದರು. ಆ ಹೊಲ ಬಿಟ್ಟರೆ ಅವರಿಗೆ ಬೇರೆ ಗತಿಯಿರಲಿಲ್ಲ.

ಈಗ ಕೊಯ್ಲು ಮುಗಿದು, ಹೊಲ ಉತ್ತು ಬರಿದಾಗಿತ್ತು. ಸಬ್ಸಿಡಿ ಕೊಡುವ ಮೊದಲು ಅಲ್ಲಿ ಏನು ಬೆಳೆದಿತ್ತೆಂದು ಕೇಳಲು ಕೃಷಿ ಇಲಾಖೆಯ ಸಾಹೇಬರು ಬರುವವರಿದ್ದರು. ಹೇಳಬೇಕಾದವನು ಉತ್ತವನೇ.

"ಧಾನ್ ಅನ್ನು, ಅಷ್ಟೇ. ಬೇರೆ ಏನಾದ್ರೂ ಬಾಯಿಂದ ಬಂತೋ, ನಾಳೇನೇ ಗಂಟುಮೂಟೆ ಕಟ್ಟು," ಎಂದಿದ್ದ ಚೌಧರಿ. ಧಾನ್ ಎಂದರೆ ಅವರ ಭಾಷೆಯಲ್ಲಿ ಭತ್ತ.

ಸುಳ್ಳು ಸಿಕ್ಕಿಬಿದ್ದರೆ ಕೇಸು ಬೀಳುವುದು ಯಾರ ಮೇಲೆಂದು ಮೋನಪ್ಪನಿಗೆ ಗೊತ್ತಿತ್ತು. ಚೌಧರಿಯ ಮೇಲಂತೂ ಅಲ್ಲ.

ಜೀಪು ಬಂತು. ಸಾಹೇಬರು ಬದುವಿನಲ್ಲೇ ನಿಂತು ಕೇಳಿದರು. ಮೋನಪ್ಪ "ಧಾನ್" ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಗಿಲಿಗೆ ಬಂದವರನ್ನು ಬೆಲ್ಲ ನೀರು ಕೊಡದೆ ಕಳಿಸುವುದು ಸ್ನೇಹಲತಾಳ ಜಾಯಮಾನದಲ್ಲೇ ಇಲ್ಲ. "ಆಯಿಯೇ ಸಾಬ್, ಪಾನೀ," ಎಂದು ಹೊಲದಂಚಿನಲ್ಲಿ ತಾವಿದ್ದ ಶೆಡ್ಡಿನೊಳಗೆ ಕರೆದೇಬಿಟ್ಟಳು.

ಶೆಡ್ಡಿನ ಮಾಡಿನ ತುಂಬ ಸೌತೆ! ಊರಿನಲ್ಲಿ ಮಾಡುವಂತೆಯೇ ಒಂದೊಂದನ್ನೂ ಸುತಳಿಯಲ್ಲಿ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ಅವಳೇ ತೂಗುಹಾಕಿದ್ದಳು.

ಸಾಹೇಬರು ಲೋಟ ಎತ್ತಿದವರು ಕತ್ತೆತ್ತಿದರು.

"ಅರೇ, ಇದೇನಿದು? ಎಲ್ಲಿ ಬೆಳೆದದ್ದು?"

ಸ್ನೇಹಲತಾಳ ಮುಖ ಅರಳಿತು. ಅವಳು ಬಾಯಿ ತೆರೆಯುವ ಮುಂಚೆಯೇ ಮೋನಪ್ಪ, "ನಮ್ಮೂರಿಂದ ಬಂದದ್ದು ಸಾಬ್. ರೈಲಲ್ಲಿ. ಇಲ್ಲಿ ಇದೆಲ್ಲಿ ಆಗ್ತದೆ?" ಎಂದ.

ಜೀಪಿನ ಹಿಂದೆಯೇ ಬಂದಿದ್ದ ಚೌಧರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಾಹೇಬರು ಒಂದು ಕಾಯಿಯನ್ನು ಬೆರಳಿಂದ ತಟ್ಟಿ ನೋಡಿದರು.

"ಅಚ್ಛಾ," ಎಂದು ಅವರು ನೀರು ಕುಡಿದು ಲೋಟ ಇಟ್ಟರು. "ಚಲೋ, ಧಾನ್ ಅಂತಲೇ ಬರೀತೀನಿ. ಮುಂದಿನ ಸಲ ಬೆಳೆ ನಿಂತಿರುವಾಗಲೇ ಬಂದು ನೋಡ್ತೀವಿ."

ಜೀಪು ಕಣ್ಮರೆಯಾಯಿತು. ಹೊಲ ಉಳಿಯಿತೆಂದು ಮೋನಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಸ್ನೇಹಲತಾ ಮಾತ್ರ ಅವನತ್ತ ನೋಡಲಿಲ್ಲ.

"ಇಲ್ಲಿ ಸೌತೆ ಆಗ್ತದೋ ಇಲ್ವೋ ನಿಮಗೆ ಗೊತ್ತಿಲ್ವಾ?" ಎಂದಳು, ಕನ್ನಡದಲ್ಲಿ, ಮೆಲ್ಲಗೆ.

"ಸುಮ್ನಿರು ಮಾರಾಯ್ತಿ, ಹೊಲ ಉಳೀತಲ್ಲ."

ಚೌಧರಿ ನಗುತ್ತ ಮೋನಪ್ಪನ ಬೆನ್ನು ತಟ್ಟಿದ. "ಶಾಬಾಶ್! ಕೇಳಿದೆಯಲ್ಲ, ಮುಂದಿನ ಮಳೆಗಾಲಕ್ಕೆ ಇಲ್ಲಿ ಧಾನ್ ನಿಂತಿರಬೇಕು."

"ಚೌಧರಿ ಸಾಬ್, ನನಗೆ ಭತ್ತದ ಕೆಲಸ ಬರೋದಿಲ್ಲ. ಸೌತೆಗಂತಲೇ ಮಾಡಿದ ನೆಲ ಇದು."

"ಬರೋದಿಲ್ವಾ? ಸರ್ಕಾರದ ಮುಂದೆ ಧಾನ್ ಬೆಳೆದೆ ಅಂದವನು ನೀನೇ ಅಲ್ವಾ?" ಚೌಧರಿಯ ನಗು ಹಾಗೇ ಇತ್ತು. "ಬರದಿದ್ರೆ ಬೇಡ ಬಿಡು ಭಾಯಿ. ಬರುವವರು ಬೇಕಾದಷ್ಟು ಜನ ಇದ್ದಾರೆ."