ಫಿಲ್ಟರಿನ ದೀಪ ಆರುವವರೆಗೆ

ಹಳದಿಯೂ ಅಲ್ಲ ಕೇಸರಿಯೂ ಅಲ್ಲ, ನಿನ್ನೆ ಉಳಿದ ಸಾಂಬಾರಿನ ಬಣ್ಣ, ಸ್ಟೇರಿಂಗಿನ ಹಿಂದೆ ಆ ದೀಪ ಹಾಗೇ ಉರಿಯುತ್ತಿದೆ, ಒಂದು ಪುಟ್ಟ ಪೆಟ್ಟಿಗೆ, ಒಳಗೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು — ಇಷ್ಟು ಚಿಕ್ಕ ಚಿತ್ರಕ್ಕೆ ಇಷ್ಟು ದಪ್ಪ ಮನುಷ್ಯ ಹೆದರುವುದೇ, ಎಂದು ತಾರಾನಾಥ ತನ್ನನ್ನೇ ಕೇಳಿಕೊಂಡ, ಕೇಳಿಕೊಂಡು ಇನ್ನಷ್ಟು ಹೆದರಿದ, ಎಕ್ಸಲರೇಟರಿನಿಂದ ಮಾತ್ರ ಕಾಲು ಎತ್ತಲಿಲ್ಲ. ಎತ್ತಬಾರದು. ಜಯೇಶ್ ಹೇಳಿದ್ದಾನಲ್ಲ, ತುರ್ಭೆಯ ವರ್ಕ್‌ಶಾಪಿನ ಜಯೇಶ್, ಟೈ ಕಟ್ಟಿಕೊಂಡು ಡಾಕ್ಟರನ ಗತ್ತಿನಲ್ಲಿ ಬಾನೆಟ್ಟಿನೊಳಗೆ ಇಣುಕುವವನು, ಕಾಕಾ, ಪಾಮ್ ಬೀಚ್ ರೋಡಿಗೆ ಹೋಗಿ, ಅರವತ್ತರಲ್ಲಿ ಒಂದೇ ಸಮ ಓಡಿಸಿ, ದೀಪ ಆರುವ ತನಕ ರುಕನೇಕಾ ನಹೀ, ಡೀಸೆಲ್ ಹೊಗೆಯ ಮಸಿಯೆಲ್ಲ ಫಿಲ್ಟರಿನಲ್ಲಿ ಕೂತಿದೆ, ಗಾಡಿ ಓಡಿ ಓಡಿ ಬಿಸಿಯಾದರೆ ಅದು ತಾನೇ ಸುಟ್ಟು ಹೋಗುತ್ತದೆ, ನಡುವೆ ನಿಂತರೆ ಹೋಯಿತು. ಫಿಲ್ಟರ್ ಅಂದರೆ ತಾರಾನಾಥನಿಗೆ ಗೊತ್ತಿದ್ದದ್ದು ಒಂದೇ, ಕೋಪರಖೈರಣೆಯ ತನ್ನ ಹೋಟೆಲಿನ ಹಿತ್ತಾಳೆಯ ಕಾಫಿ ಫಿಲ್ಟರು, ತೂತು ಕಟ್ಟಿದರೆ ಕವುಚಿ ಹಾಕಿ ಎರಡು ತಟ್ಟಿದರೆ ಆಯಿತು, ಇದನ್ನೂ ಬಿಚ್ಚಿ ತಟ್ಟಿ ಕೊಡು ಮಾರಾಯ ಎಂದರೆ ಜಯೇಶ್ ನಗಲಿಲ್ಲ, ಗಾಡಿ ರಿಪೇರಿಯವನು ನಗಲಿಲ್ಲ ಎಂದರೆ ಕೆಲಸ ದೊಡ್ಡದಿದೆ ಎಂದೇ ಅರ್ಥ. ಗಾಡಿ ಎಲ್ಲೆಲ್ಲಿ ಓಡಿಸ್ತೀರಿ? ವಾಶಿ ಮಾರ್ಕೆಟ್ಟಿಗೆ, ತರಕಾರಿ ತರುವುದಕ್ಕೆ. ಮತ್ತೆ? ಮತ್ತೆಂತ, ದಿನಾ ಬೆಳಿಗ್ಗೆ ಪೂಜೆ. ಪೂಜೆ? ಹೌದು, ಹೋಟೆಲಿನ ಒಲೆಗೆ ಕುಂಕುಮ ಇಟ್ಟು ಹೊತ್ತಿಸಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಸುತ್ತಿ, ಅದೇ ಊದುಬತ್ತಿಯನ್ನು ತಂದು ಗಾಡಿಗೂ ಸುತ್ತಿ, ಸ್ಟಾರ್ಟ್ ಮಾಡಿ, ಊದುಬತ್ತಿ ಉರಿದು ಮುಗಿಯುವ ತನಕ ನಿಂತಲ್ಲೇ ಗುರ್ ಅನ್ನಿಸುವುದು, ಯಂತ್ರವಾದರೇನು, ಬೆಳಿಗ್ಗೆ ಎದ್ದ ಮೇಲೆ ಅದಕ್ಕೂ ಒಂದು ಗುಟುಕು ಬಿಸಿ ಬೇಡವೇ, ಆಮೇಲೆ ಆಫ್. ಜಯೇಶ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಅದೇ ಕಾಕಾ, ನಿಮ್ಮ ಭಕ್ತಿಯೇ ಮಸಿಯಾಗಿ ಕೂತಿದೆ.

ಭಕ್ತಿಯಂತೆ, ಮಸಿಯಂತೆ, ಇವನಿಗೇನು ಗೊತ್ತು — ಸಾನಪಾಡಾ ಹಿಂದಾಯಿತು, ಬಲಗಡೆ ಖಾರಿಯ ಉಪ್ಪುನೀರು, ಕೆಸರಿನ ವಾಸನೆ, ಮುಳ್ಳು ಅರವತ್ತರಲ್ಲಿದೆ, ಕೆಳಗಿಳಿದರೆ ಜಯೇಶನ ಶಾಪ, ಮೇಲೇರಿದರೆ ಪೊಲೀಸರ ಕ್ಯಾಮರಾದ ಶಾಪ. ಆಯಿಲ್ ವಿಷಯದಲ್ಲೂ ಜಯೇಶ್ ಹಾಗೇ ಮಾನ ಕಳೆದ, ಕಡ್ಡಿ ಅದ್ದಿ ನೋಡಿದಾಗೆಲ್ಲ ಎಂಜಿನ್ ಆಯಿಲ್ ಮೇಲೆ ಮೇಲೆ ಏರುತ್ತಿತ್ತು, ಹೆಂಡತಿ ಜಯಲತಾಳನ್ನು ಕೂಗಿ ತೋರಿಸಿದ್ದ, ನೋಡು, ಊರವರ ಗಾಡಿ ಎಣ್ಣೆ ಕುಡಿಯುತ್ತದೆ, ನಮ್ಮದು ಕೊಡುತ್ತದೆ, ಅಕ್ಷಯ ಪಾತ್ರೆ, ಅವಳು ಕೈ ಮುಗಿದೂ ಬಿಟ್ಟಿದ್ದಳು. ಈಗ ನೋಡಿದರೆ ಅದು ಮಸಿ ಸುಡಲೆಂದು ಎಂಜಿನ್ ಹೆಚ್ಚಿಗೆ ಸುರಿದ ಡೀಸೆಲ್ಲು, ಸುಡುವ ಕೆಲಸ ಅರ್ಧಕ್ಕೆ ನಿಂತಾಗೆಲ್ಲ ಇಳಿದು ಆಯಿಲಿಗೆ ಸೇರಿದ್ದು, ನೀರು ಬೆರೆಸಿದ ಹಾಲಿನ ಹಾಗೆ ಎಂದ ಜಯೇಶ್, ಹೋಟೆಲಿನವನ ಮುಖಕ್ಕೆ ಹೇಳುವ ಮಾತೇ ಅದು. ಉಡುಪಿಗೆ ಹೋಗಿಬರುವುದಕ್ಕೆಂದೇ ತೆಗೆದ ಗಾಡಿ, ಆದರೆ ಹೋಟೆಲು ಬಿಟ್ಟು ಹೋಗುವುದು ಯಾವಾಗ, ಇವತ್ತಿನವರೆಗೆ ಅದು ಪಕ್ಕದ ಪನ್ವೇಲನ್ನೂ ಕಂಡಿಲ್ಲ. ಹಿಂದೆ ಎರಡು ಸಲ ಇದೇ ರಸ್ತೆಗೆ ಬಂದು ಕೆಡಿಸಿಕೊಂಡಿದ್ದ, ಮೊದಲ ಸಲ ಎಳನೀರು ಕಂಡಿತು, ನಿಲ್ಲಿಸಿದ. ಎರಡನೇ ಸಲ ನೆರೂಳಿನಲ್ಲಿ ದಿನಾ ಮಸಾಲೆದೋಸೆ ತಿನ್ನುವ ಗಿರಾಕಿ ಕೈ ತೋರಿಸಿದರು, ಗಿರಾಕಿ ದೇವರು, ನಿಲ್ಲಿಸಿದ. ಇದು ಕೊನೆಯ ಸಲ ಕಾಕಾ, ಇನ್ನು ನಿಂತರೆ ಗಾಡಿ ತೆವಳುತ್ತದೆ ಅಷ್ಟೇ, ಫಿಲ್ಟರ್ ಬದಲಿಸಬೇಕು, ಅದು ಬರುವ ತನಕ ಗಾಡಿ ನಮ್ಮಲ್ಲೇ. ಆಯಿತಪ್ಪ, ಸಾಕ್ಷಾತ್ ಬ್ರಹ್ಮ ಬಂದು ಕೈ ತೋರಿಸಿದರೂ ನಿಲ್ಲಿಸುವುದಿಲ್ಲ.

ಬ್ರಹ್ಮ ಬರಲಿಲ್ಲ, ಫೋನ್ ಬಂತು. ಗಾಡಿಯ ಸ್ಪೀಕರಿನಲ್ಲಿ ಜಯಲತಾ, ಎಲ್ಲಿದ್ದೀರಿ ಮಾರಾಯ್ರೇ, ಸಂಕು ಬಂದಿದ್ದಾನೆ, ಮಾನಸಿಯ ಮದುವೆ ನಿಶ್ಚಯ ಆಯ್ತಂತೆ, ಸೀವುಡ್ಸಿನಲ್ಲಿ ರತ್ನಾವತಿ ಅತ್ತೆಗೆ ಹೇಳಿಕೆ ಕೊಟ್ಟು ಈಗ ನಮ್ಮಲ್ಲಿಗೇ ಬರುವುದು, ಸಿಗ್ನಲ್ ಹತ್ತಿರ ನಿಲ್ತಾನೆ, ನೀವು ಹೇಗೂ ಅದೇ ರೋಡಲ್ಲಿ ಇದ್ದೀರಲ್ಲ, ಹತ್ತಿಸ್ಕೊಂಡು ಬನ್ನಿ. ನಿಲ್ಲಿಸುವ ಹಾಗಿಲ್ಲ ಮಾರಾಯ್ತಿ, ದೀಪ — ಎಂತ ದೀಪ, ನಾನು ಬೆಲ್ಲ ಕುಟ್ಟಿ ಇಟ್ಟಾಯ್ತು, ಈ ಸಲವೂ ಹಾಳು ಮಾಡಿದ್ರೆ ಮದುವೆಗೆ ನಾನೊಬ್ಬಳೇ ಹೋಗುವವಳು, ಗೊತ್ತುಂಟಲ್ಲ. ಫೋನ್ ಇಟ್ಟುಬಿಟ್ಟಳು. ಸಂಕು ಎಂದರೆ ಸಂಕರ್ಷಣ, ಅವಳ ತಮ್ಮ, ಮಾನಸಿಯ ಅಪ್ಪ, ಡೊಂಬಿವಲಿಯವನು, ಐದು ವರ್ಷ ಆಯಿತು ಮಾತಿಲ್ಲ. ಅವನು ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಕರೆದದ್ದು ಹೇಗೆ? ವಾಟ್ಸಾಪಿನಲ್ಲಿ! ಕಾರ್ಡಿನ ಒಂದು ಫೋಟೋ, ಕೆಳಗೆ ಕೈಮುಗಿದ ಚಿತ್ರ, ಮುಗಿಯಿತು. ಹೇಳಿಕೆ ಎಂದರೆ ಮನೆಗೆ ಬರಬೇಕು, ಕೂತುಕೊಳ್ಳಬೇಕು, ಬೆಲ್ಲ ತಿಂದು ನೀರು ಕುಡಿಯಬೇಕು, ಅರಿಶಿನ ಹಚ್ಚಿದ ಕಾಗದವನ್ನು ಎರಡು ಕೈಯಲ್ಲಿ ಕೊಟ್ಟು ಬಾವ, ನೀವೇ ಮುಂದೆ ನಿಂತು ನಡೆಸಿಕೊಡಬೇಕು ಅನ್ನಬೇಕು, ಅಕ್ಕನ ಗಂಡನಿಗೆ ಅಷ್ಟೂ ಬೇಡವೇ? ಹೋಗಲಿಲ್ಲ. ಜಯಲತಾ ಒಬ್ಬಳೇ ಹೋಗಿಬಂದು ಹೇಳಿದಳು, ಬಾವನ ಕಣ್ಣಿಗೆ ನಮ್ಮ ಡೊಂಬಿವಲಿ ಕಾಣುವುದಿಲ್ಲ ಅಂತ ಸಂಕು ಎಲ್ಲರೆದುರು ಅಂದನಂತೆ, ಆ ಸಿಟ್ಟಿನಲ್ಲಿ ಅವನ ನಂಬರನ್ನೇ ಅಳಿಸಿ ಹಾಕಿದ ತಾರಾನಾಥ, ಈಗ ಅದು ಬೇಕು, ಇಲ್ಲ. ಜಯಲತಾಳಿಗೆ ಹಚ್ಚಿದರೆ ಎಂಗೇಜ್. ಮಾನಸಿ, ಆ ಪುಟ್ಟ ಮಾನಸಿ, ಹೋಟೆಲಿಗೆ ಬಂದರೆ ಗೋಳಿಬಜೆಯ ಬುಟ್ಟಿಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ, ಮಾಮ ಇನ್ನೊಂದು ಅನ್ನುತ್ತಿದ್ದಳು, ಅವಳಿಗೆ ಮದುವೆಯೇ, ತಿಂಡಿ ಯಾರ ಹೋಟೆಲಿನದಂತೆ, ಬೇರೆ ಯಾರದೋ ಆದರೆ ನಾನು ಸತ್ತ ಹಾಗೇ.

ಸೀವುಡ್ಸ್ ಸಿಗ್ನಲ್, ಹಸಿರು, ಕಂಬದ ಪಕ್ಕದಲ್ಲಿ ಅವನೇ. ಕೂದಲು ಬೆಳ್ಳಗಾಗಿದೆ, ಹೊಟ್ಟೆ ಬಂದಿದೆ, ಚೀಲ ಹೆಗಲಿಗೆ, ಬಲಗೈ ಮೇಲೆತ್ತಿದ್ದಾನೆ, ಕೈಯಲ್ಲಿ ಕಾರ್ಡು, ಕಾರ್ಡಿನ ಮೂಲೆಯಲ್ಲಿ ಅರಿಶಿನ ಇಲ್ಲಿಂದಲೂ ಕಾಣುತ್ತದೆ, ಮುಖದ ತುಂಬಾ ನಗು — ಕಾಲು ಬ್ರೇಕಿನ ಮೇಲೆ ಹೋಯಿತು, ದೀಪ ಕಂಡಿತು, ಕಾಲು ವಾಪಸು ಬಂತು. ಸುಂಯ್ ಎಂದು ದಾಟಿ ಹೋದ. ಕನ್ನಡಿಯಲ್ಲಿ ಆ ಕೈ ಇನ್ನೂ ಮೇಲೆಯೇ ಇತ್ತು. ಒಂದು ಸುತ್ತು, ಬೇಲಾಪುರದಲ್ಲಿ ತಿರುಗಿಸಿದರೆ ಆಯಿತು, ಅಷ್ಟರಲ್ಲಿ ಆರುತ್ತದೆ, ಐದು ವರ್ಷ ಕಾದವನು ಒಂದು ಸುತ್ತು ಕಾಯಲಾರನೇ, ಮತ್ತೆ — ನಿಜ ಹೇಳಬೇಕೆಂದರೆ, ಗಾಡಿಯೊಳಗೆ ಬೇರೆ ಯಾರೂ ಇಲ್ಲವಲ್ಲ — ದಾಟಿ ಹೋಗುವಾಗ ಸ್ವಲ್ಪ ಖುಷಿಯಾಯಿತು. ಸ್ವಲ್ಪ ಅಲ್ಲ. ಡೊಂಬಿವಲಿ ಕಾಣುವುದಿಲ್ಲ ಅಂದೆಯಲ್ಲ, ಈಗ ನೋಡು, ಸೀವುಡ್ಸೂ ಕಾಣುವುದಿಲ್ಲ. ಬೇಲಾಪುರದಲ್ಲಿ ತಿರುಗಿಸುವ ಹೊತ್ತಿಗೆ ಆ ಖುಷಿ ಹುಳಿ ಬಂದ ಹಿಟ್ಟಿನ ಹಾಗಾಗಿತ್ತು. ಥೂ, ಮನೆಬಾಗಿಲಿಗೆ ಹೊರಟವನನ್ನು.

ವಾಪಸು ಬರುವಾಗ ಡಿವೈಡರಿನ ಆಚೆ ಅದೇ ಕಂಬ, ಅದೇ ಸಂಕರ್ಷಣ, ಈಗ ಕೈಯನ್ನು ಹುಬ್ಬಿನ ಮೇಲಿಟ್ಟು ಬಿಸಿಲಿಗೆ ಮರೆ ಮಾಡಿಕೊಂಡು ಗಾಡಿಯನ್ನೇ ನೋಡುತ್ತಿದ್ದಾನೆ, ಕಾರ್ಡು ಹಣೆಗೆ ಕಟ್ಟಿದ ಬಾಸಿಂಗದ ಹಾಗೆ ಕಾಣುತ್ತದೆ, ನಗಬಾರದು, ನಗು ಬಂತು. ತಾರಾನಾಥ ಹಾರ್ನ್ ಹೊಡೆದ, ಸುತ್ತು ಹಾಕಿ ಬರುತ್ತೇನೆ ಎಂದು ಬೆರಳನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದ — ತೋರಿಸಿದ ಮೇಲೆ ಹೊಳೆಯಿತು, ಹೊರಗಿನಿಂದ ನೋಡಿದವನಿಗೆ ಅದು ಹೋಗು ಹೋಗು, ನಿನ್ನಂಥವರನ್ನು ಎಷ್ಟು ನೋಡಿಲ್ಲ ಎಂದ ಹಾಗಲ್ಲವೇ? ಛೆ. ಆರು, ದೀಪವೇ, ಆರು. ಕೃಷ್ಣಾ, ಉಡುಪಿ ಕೃಷ್ಣಾ, ಮನೆಯಲ್ಲಿ ದೀಪ ಆರಬಾರದು ಎಂದು ಬೇಡಿದವನು ಈಗ ಆರಲಿ ಎಂದು ಬೇಡುತ್ತಿದ್ದೇನೆ, ತಪ್ಪು ತಿಳಿಯಬೇಡ. ಸಾನಪಾಡಾದ ಸರ್ಕಲ್ಲಿನಲ್ಲಿ ತಿರುಗಿಸಿದ, ಮುಂದೊಂದು ಟೆಂಪೊ, ಅದಕ್ಕೆ ನಲವತ್ತೇ ಸ್ವರ್ಗ, ಸರಿಯೋ ಮಾರಾಯ, ಸರಿ. ಮತ್ತೆ ಸೀವುಡ್ಸ್, ಮತ್ತೆ ಹಸಿರು — ಕೆಂಪಾದರೂ ಬೀಳಬಾರದೇ, ಸರಕಾರವೇ ನಿಲ್ಲಿಸಿದರೆ ಜಯೇಶ್ ಏನೂ ಅನ್ನುವ ಹಾಗಿಲ್ಲ — ಕೈ ಎತ್ತಿದ್ದಾನೆ, ಈ ಸಲ ಭುಜದ ಮಟ್ಟಕ್ಕೆ ಮಾತ್ರ, ನಗು ಇಲ್ಲ, ತುಟಿ ಬಾವಾ ಎಂದದ್ದು ಗಾಜಿನ ಈಚೆಗೆ ಕೇಳಲಿಲ್ಲ, ಕಂಡಿತು. ನಿಲ್ಲಿಸು. ಈಗ ಖುಷಿಯೂ ಇಲ್ಲ ಏನೂ ಇಲ್ಲ, ನಿಲ್ಲಿಸು ತಾರಾನಾಥ, ಗಾಡಿ ಹಾಳಾಗಲಿ — ಆದರೆ ಇಷ್ಟು ಓಡಿಸಿಯಾಗಿದೆ, ಇನ್ನೊಂದು ಚೂರು, ಅನ್ನ ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಾಗದೇ — ಎಂದುಕೊಳ್ಳುವಷ್ಟರಲ್ಲಿ ಕಂಬ ಹಿಂದಾಯಿತು, ಕೈ ಹಿಂದಾಯಿತು.

ಬೇಲಾಪುರ, ತಿರುವು, ವಾಪಸು, ಆಚೆ ಬದಿಗೆ ಬಸ್ಸು ಅಡ್ಡ ನಿಂತು ಏನೂ ಕಾಣಲಿಲ್ಲ, ನೆರೂಳು ದಾಟಿದ್ದೇ ತಡ, ಆರಿತು. ಸದ್ದಿಲ್ಲ, ಗಂಟೆಯಿಲ್ಲ, ಸಾಂಬಾರಿನ ಬಣ್ಣದ ಪೆಟ್ಟಿಗೆ ಇತ್ತು, ಈಗ ಇಲ್ಲ. ಆರಿತು! ಜಯೇಶಾ, ನಿನ್ನ ಬಾಯಿಗೆ ಬೆಣ್ಣೆ ಗೋಳಿಬಜೆ, ಗೆದ್ದೆ, ಇನ್ನು ಸಿಕ್ಕ ಕಡೆ ತಿರುಗಿಸಿ ಹೋಗಿ ನಿಲ್ಲಿಸಿ, ಬಾಗಿಲು ತೆರೆದು, ಇಳಿದು, ತಾನೇ ಇಳಿದು, ಸಂಕು ಎಂದು ತಬ್ಬಿಕೊಳ್ಳುವುದು, ದೀಪದ ಕಥೆ ಹೇಳುವುದು, ಅವನು ಬಿದ್ದು ಬಿದ್ದು ನಗುತ್ತಾನೆ, ಸಂಕು ನಗಲು ಶುರು ಮಾಡಿದರೆ ನಿಲ್ಲಿಸುವವನಲ್ಲ, ಮದುವೆಯ ಬೆಳಗಿನ ತಿಂಡಿ ನನ್ನದು, ಬೇಡ ಅಂದರೆ ಜಗಳ, ಗೋಳಿಬಜೆ ಬುಟ್ಟಿಗಟ್ಟಲೆ — ಸೀವುಡ್ಸ್, ಸಿಗ್ನಲ್ ಕೆಂಪು, ಈಗ ಬಿತ್ತು ಕೆಂಪು, ಬೀಳಲಿ, ಎಡಕ್ಕೆ ಸರಿಸಿ ಕಂಬದ ಪಕ್ಕಕ್ಕೇ ತಂದು ನಿಲ್ಲಿಸಿದ. ಕಂಬ ಇತ್ತು. ಬಸ್ಸು ಹೋಗಿತ್ತು. ಕಂಬದ ಬುಡದಲ್ಲಿ ಯಾರೂ ಇರಲಿಲ್ಲ.

ಆಚೆ ನೋಡಿದ, ಈಚೆ ನೋಡಿದ, ನೆರಳಿಗೆ ನಿಂತಿರಬೇಕು, ನೀರು ಕುಡಿಯಲು ಹೋಗಿರಬೇಕು, ಫೋನ್ ಅಳತೊಡಗಿತು, ಜಯಲತಾ, ಈ ಸಲ ಮಾರಾಯ್ರೇ ಇಲ್ಲ, ಮೂರು ಸಲ ಎದುರಿನಿಂದಲೇ ಹೋದಿರಂತೆ, ಹಾರ್ನ್ ಹೊಡೆದು ಕೈ ಬೀಸಿ ಹೋಗು ಅಂದಿರಂತೆ, ಅಕ್ಕ ನಾನು ಬಂದದ್ದೇ ತಪ್ಪಾಯ್ತು ಅಂತ ಟ್ರೇನ್ ಹತ್ತಿದ, ಈ ಬೆಲ್ಲ ನಾನು ಯಾರಿಗೆ ಕೊಡ್ಲಿ, ಹೇಳಿ, ಯಾರಿಗೆ ಕೊಡ್ಲಿ — ಅವಳ ದನಿ ಒಡೆಯಿತು, ಕಟ್ಟಾಯಿತು. ಟಿಂಗ್. ಹೆಸರಿಲ್ಲದ ನಂಬರು. ವಾಟ್ಸಾಪ್. ಫೋಟೋ ನಿಧಾನವಾಗಿ ತೆರೆದುಕೊಂಡಿತು, ಹಿಂದೆ ಇದೇ ಕಂಬ, ಇದೇ ರಸ್ತೆ, ಮುಂದೆ ಮಾನಸಿಯ ಮದುವೆಯ ಕಾರ್ಡು, ನಾಲ್ಕು ಮೂಲೆಗೂ ಅರಿಶಿನ, ಕೆಳಗೆ ಎರಡು ಸಾಲು, ಬಾವ, ನಿಮಗೆ ಅವಸರ ಉಂಟು ಅಂತ ಕಾಣ್ತದೆ, ಇದನ್ನೇ ಹೇಳಿಕೆ ಅಂತ ತಿಳ್ಕೊಳ್ಳಿ. ಕೈಮುಗಿದ ಚಿತ್ರ ಈ ಸಲ ಇಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಹಸಿರು ಬಿದ್ದಿರಬೇಕು, ಹೋಗಬಹುದು, ಗಾಡಿ ಈಗ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಉಡುಪಿಗೂ ಹೋಗುತ್ತದೆ, ಡೊಂಬಿವಲಿ — ಫೋಟೋದಲ್ಲಿ ಕಾರ್ಡನ್ನು ಹಿಡಿದುಕೊಂಡ ಕೈ, ಹೆಬ್ಬೆರಳಿನಲ್ಲಿ ಅರಿಶಿನ, ಮೇಲೆತ್ತಿದ ಕೈ, ಇನ್ನೂ ಎತ್ತಿಯೇ ಇರುವ ಕೈ.